ಬಿದ್ದ ಕೋಟೆಗಳು, ಬಾಳಿದ ತೋಟಗಳು

ಸ್ಕಾಟ್ಲೆಂಡ್ ಎಂದರೆ ನಮ್ಮಲ್ಲಿ ಅನೇಕರಿಗೆ ಶಾಲೆಯ ಭೂಪಟದಲ್ಲಿ ಕಂಡ ಒಂದು ಹೆಸರು ಅಷ್ಟೇ. ಬ್ರಿಟನ್ ದ್ವೀಪದ ಉತ್ತರ ಭಾಗದಲ್ಲಿರುವ ಈ ನಾಡು ವಿಸ್ತೀರ್ಣದಲ್ಲಿ ಕರ್ನಾಟಕದ ಅರ್ಧಕ್ಕಿಂತಲೂ ಚಿಕ್ಕದು. 2022ರ ಜನಗಣತಿಯ ಪ್ರಕಾರ ಅಲ್ಲಿನ ಜನಸಂಖ್ಯೆ ಸುಮಾರು 54 ಲಕ್ಷ. ನಮ್ಮ ಬೆಂಗಳೂರಿನ ಜನರ ಅರ್ಧದಷ್ಟೂ ಅಲ್ಲಿಲ್ಲ. ಅವರಲ್ಲಿ ಮುಸ್ಲಿಮರು ಸುಮಾರು 1 ಲಕ್ಷ 20 ಸಾವಿರ. ಆದರೆ ಸಣ್ಣದು ದೊಡ್ಡದು ಸೇರಿ ಅಲ್ಲಿರುವ ಸರೋವರಗಳು ಮಾತ್ರ ಮೂವತ್ತು ಸಾವಿರಕ್ಕೂ ಹೆಚ್ಚು!

ನನ್ನ ತಂಗಿಯ ಕುಟುಂಬ ಗ್ಲಾಸ್ಗೋ ನಗರದಲ್ಲಿ ನೆಲೆಸಿದೆ. ಕಳೆದ ವರ್ಷ ಮೇ ತಿಂಗಳಲ್ಲಿ, ನಮ್ಮ ಶಾಲೆಗೆ ಬೇಸಿಗೆ ರಜೆ ಇದ್ದಾಗ, ನಾನು ಮತ್ತು ನಮ್ಮ ಮನೆಯವರು ಅಲ್ಲಿಗೆ ಹೋಗಿದ್ದೆವು. ತಂಗಿಯ ಗಂಡ ಒಂಬತ್ತು ದಿನ ರಜೆ ಹಾಕಿ ತಮ್ಮ ಕಾರಿನಲ್ಲಿ ನಮ್ಮನ್ನು ಸುತ್ತಾಡಿಸಿದರು. ಒಂದು ದಿನಕ್ಕೆ ಎರಡು ಜಾಗಕ್ಕಿಂತ ಹೆಚ್ಚು ನೋಡಬಾರದೆಂದು ಹೊರಡುವ ಮೊದಲೇ ತೀರ್ಮಾನಿಸಿದ್ದೆವು. ಹಾಗಾಗಿ ಓಡುವ ಅವಸರವಿರಲಿಲ್ಲ. ನೋಡಿದ್ದನ್ನು ಕುಳಿತು ಯೋಚಿಸಲು ಸಮಯವಿತ್ತು. ಸರೋವರ, ಕೋಟೆ, ತೋಟ ಎಂದು ತಿರುಗುತ್ತಿದ್ದ ನನ್ನ ಮನಸ್ಸಿನಲ್ಲಿ ಎಲ್ಲ ಕಡೆಯೂ ಏಳುತ್ತಿದ್ದುದು ಒಂದೇ ಪ್ರಶ್ನೆ: ಮನುಷ್ಯ ಕಟ್ಟಿದ್ದರಲ್ಲಿ ಕೊನೆಗೆ ಉಳಿಯುವುದು ಯಾವುದು?

'ಖಾ' ಅಕ್ಷರದ ಸರೋವರ

ಸ್ಕಾಟ್ಲೆಂಡಿನಲ್ಲಿ ಸರೋವರಕ್ಕೆ 'ಲಾಖ್' ಎನ್ನುತ್ತಾರೆ. ಇದು ಅಲ್ಲಿನ ಹಳೆಯ ಗೇಲಿಕ್ ಭಾಷೆಯ ಶಬ್ದ. ಕೊನೆಯ ಅಕ್ಷರವನ್ನು ಅರಬಿಯ 'ಖಾ' ಅಕ್ಷರದಂತೆ ಗಂಟಲಿನಿಂದಲೇ ಹೇಳಬೇಕು. ಇಂಗ್ಲೆಂಡಿನವರಿಗೇ ಇದು ಸರಿಯಾಗಿ ಬಾರದು, ಅವರು 'ಲಾಕ್' ಎಂದುಬಿಡುತ್ತಾರಂತೆ. ನಾನು ಒಮ್ಮೆಗೇ ಸರಿಯಾಗಿ ಹೇಳಿದ್ದನ್ನು ಕೇಳಿ ತಂಗಿಯ ಮಗಳು ಚಪ್ಪಾಳೆ ತಟ್ಟಿ, "ಖಾಲಾ, ನೀವು ಇಲ್ಲಿಯವರೇ ಆಗಿಬಿಟ್ಟಿರಿ!" ಎಂದಳು. ಮದ್ರಸದಲ್ಲಿ ಕಲಿತ ತಜ್ವೀದ್ ಸ್ಕಾಟ್ಲೆಂಡಿನಲ್ಲಿ ಹೀಗೆ ಉಪಯೋಗಕ್ಕೆ ಬಂತು.

ಮೊದಲ ದಿನ ನೋಡಿದ್ದು ಲಾಖ್ ಲೋಮಂಡ್. ಗ್ಲಾಸ್ಗೋದಿಂದ ಒಂದು ಗಂಟೆಯೂ ಬೇಡ. ಸುಮಾರು 36 ಕಿಲೋಮೀಟರ್ ಉದ್ದದ ಈ ಸರೋವರ ಬ್ರಿಟನ್ ದ್ವೀಪದಲ್ಲೇ ಅತ್ಯಂತ ವಿಶಾಲವಾದದ್ದು. ನಡುನಡುವೆ ಮರಗಳಿಂದ ತುಂಬಿದ ದ್ವೀಪಗಳಿವೆ. 2002ರಲ್ಲಿ ಈ ಪ್ರದೇಶವನ್ನು ಸ್ಕಾಟ್ಲೆಂಡಿನ ಮೊದಲ ರಾಷ್ಟ್ರೀಯ ಉದ್ಯಾನವನ್ನಾಗಿ ಮಾಡಲಾಯಿತು. ಲಸ್ ಎಂಬ ಪುಟ್ಟ ಹಳ್ಳಿಯ ದಂಡೆಯಲ್ಲಿ ಕುಳಿತು ಮನೆಯಿಂದ ತಂದ ಪರೋಟ ತಿಂದೆವು. ಬಿಸಿಲು, ಮೋಡ, ತುಂತುರು ಮಳೆ, ಮತ್ತೆ ಬಿಸಿಲು, ಎಲ್ಲವೂ ಅರ್ಧ ಗಂಟೆಯೊಳಗೆ ಬಂದು ಹೋದವು. ಅಲ್ಲಿಗೆ ಹೋಗುವವರು ಮೇ ತಿಂಗಳಲ್ಲೂ ಸ್ವೆಟರ್ ಮರೆಯಬಾರದು.

ಒಂದು ನಗರದ ಪ್ರಾಣ ಉಳಿಸಿದ ನೀರು

ಮರುದಿನ ಕ್ಯಾಲಂಡರ್ ಊರಿನ ಕಡೆಯಿಂದ ಲಾಖ್ ಕ್ಯಾಟ್ರಿನ್‌ಗೆ ಹೋದೆವು. 1810ರಲ್ಲಿ ಕವಿ ವಾಲ್ಟರ್ ಸ್ಕಾಟ್ ಈ ಸರೋವರದ ಬಗ್ಗೆ ಬರೆದ ಕಾವ್ಯ ಪ್ರಕಟವಾದ ಮೇಲೆ ಇಲ್ಲಿಗೆ ಪ್ರವಾಸಿಗರು ಹಿಂಡುಹಿಂಡಾಗಿ ಬರತೊಡಗಿದರು. ಆದರೆ ನನ್ನ ಮನ ಸೆಳೆದದ್ದು ಬೇರೊಂದು ವಿಷಯ.

ಹತ್ತೊಂಬತ್ತನೇ ಶತಮಾನದ ಮೊದಲಾರ್ಧದಲ್ಲಿ ಗ್ಲಾಸ್ಗೋ ಕಾರ್ಖಾನೆಗಳ ನಗರವಾಗಿ ಬೆಳೆಯಿತು. ಬಡವರು ಇಕ್ಕಟ್ಟಾದ ಮನೆಗಳಲ್ಲಿ ತುಂಬಿಕೊಂಡರು. ಕುಡಿಯಲು ಕೊಳಕು ನದಿ ನೀರು, ಬಾವಿ ನೀರು. ಕಾಲರಾ ಮತ್ತೆ ಮತ್ತೆ ಬಂದು ಸಾವಿರಾರು ಜನರನ್ನು ಬಲಿ ತೆಗೆದುಕೊಂಡಿತು. ಆಗ ನಗರಸಭೆ ಈ ಸರೋವರದ ನೀರನ್ನು ಬೆಟ್ಟಗಳನ್ನು ಕೊರೆದು, ಸುರಂಗ ಮತ್ತು ಕಾಲುವೆಗಳ ಮೂಲಕ ಸುಮಾರು 40 ಕಿಲೋಮೀಟರ್ ದೂರ ತರಲು ನಿರ್ಧರಿಸಿತು. ಪಂಪು ಬೇಡ. ಇಳಿಜಾರಿನಲ್ಲಿ ನೀರು ತಾನಾಗಿಯೇ ಹರಿದು ಬರುವಂತೆ ಲೆಕ್ಕ ಹಾಕಲಾಗಿತ್ತು. 1859ರಲ್ಲಿ ವಿಕ್ಟೋರಿಯಾ ರಾಣಿ ಅದನ್ನು ಉದ್ಘಾಟಿಸಿದರು. 1866ರಲ್ಲಿ ಬ್ರಿಟನ್ನಿಗೆ ಮತ್ತೆ ಕಾಲರಾ ಬಂದಾಗ ಗ್ಲಾಸ್ಗೋದಲ್ಲಿ ಸತ್ತವರ ಸಂಖ್ಯೆ ತೀರಾ ಕಡಿಮೆಯಾಗಿತ್ತು. ಇಂದಿಗೂ ಆ ನಗರಕ್ಕೆ ಅದೇ ನೀರು ಬರುತ್ತಿದೆ. "ನಮ್ಮ ಅಡುಗೆಮನೆಯ ನಲ್ಲಿಯಲ್ಲಿ ಬರುವುದೂ ಇದೇ ನೀರು" ಎಂದು ತಂಗಿ ಹೇಳಿದಾಗ ಸರೋವರವನ್ನು ಇನ್ನೊಮ್ಮೆ ನೋಡಬೇಕೆನಿಸಿತು. ದೂರದಿಂದ ನೀರು ಹೊತ್ತು ತರುವ ಕಷ್ಟ ಹೆಂಗಸರಿಗೆ ಗೊತ್ತಿರುವಷ್ಟು ಇನ್ನಾರಿಗೆ ಗೊತ್ತು?

ಈ ಕ್ಯಾಲಂಡರ್‌ಗೂ ನಮ್ಮ ನಾಡಿಗೂ ಒಂದು ಹಳೆಯ ನಂಟಿದೆ. ಟಿಪ್ಪು ಸುಲ್ತಾನರು ಹುತಾತ್ಮರಾದ ಮರುವರ್ಷ, 1800ರಲ್ಲಿ, ಮದ್ರಾಸಿನಿಂದ ಹೊರಟು ಮೈಸೂರು, ಕೆನರಾ, ಮಲಬಾರ್ ಪ್ರಾಂತ್ಯಗಳನ್ನೆಲ್ಲ ಸುತ್ತಿ ಇಲ್ಲಿನ ಬೆಳೆ, ನೇಯ್ಗೆ, ಜನಜೀವನವನ್ನು ಮೂರು ಸಂಪುಟಗಳಲ್ಲಿ ದಾಖಲಿಸಿದ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯರು ಈ ಕಡೆಯವರೇ. ಕೊನೆಗಾಲದಲ್ಲಿ ಅವರು ಕ್ಯಾಲಂಡರ್ ಬಳಿಯ ಲೆನಿ ಎಸ್ಟೇಟಿನಲ್ಲಿ ವಾಸವಾಗಿದ್ದು 1829ರಲ್ಲಿ ತೀರಿಕೊಂಡರು. ನಮ್ಮ ಕರಾವಳಿ ಕಂಪೆನಿ ಸರಕಾರದ ಕೈಗೆ ಹೋದಾಗ ಕೆನರಾದ ಮೊದಲ ಕಲೆಕ್ಟರಾಗಿ ಬಂದ ಥಾಮಸ್ ಮನ್ರೋ ಹುಟ್ಟಿದ್ದು ಗ್ಲಾಸ್ಗೋದಲ್ಲಿ. ನಮ್ಮ ಅಜ್ಜಂದಿರ ಗದ್ದೆ ತೋಟಗಳ ಕಂದಾಯ ಲೆಕ್ಕ ಹಾಕಿದವರು ಈ ಮಂಜು ಮಳೆಯ ನಾಡಿನಿಂದ ಬಂದಿದ್ದರು!

ಅತಿಥಿಗಳೇ ಕೊಂದ ಕಣಿವೆ

ಮೂರನೇ ದಿನ ಗ್ಲೆಂಕೊ ಕಣಿವೆ. ಎರಡೂ ಕಡೆ ಕಪ್ಪು ಬೆಟ್ಟಗಳು, ಅವುಗಳಿಂದ ಇಳಿಯುವ ಬಿಳಿ ತೊರೆಗಳು. ಇಷ್ಟು ಚೆಲುವಾದ ಜಾಗದಲ್ಲಿ ಇಷ್ಟೊಂದು ದುಃಖದ ಕತೆ ಇರಬಹುದೆಂದು ನೋಡಿದವರಿಗೆ ಅನಿಸದು.

1692ರ ಚಳಿಗಾಲದಲ್ಲಿ ಸರಕಾರದ ಸೈನಿಕರು ಈ ಕಣಿವೆಯ ಮೆಕ್‌ಡೊನಾಲ್ಡ್ ಬುಡಕಟ್ಟಿನ ಮನೆಗಳಲ್ಲಿ ಬಂದು ತಂಗಿದರು. ಬಂದವರು ಅತಿಥಿಗಳೆಂದು ಮನೆಯವರು ಸುಮಾರು ಹನ್ನೆರಡು ದಿನ ಅನ್ನ, ಹಾಸಿಗೆ, ಬೆಂಕಿಯ ಬಿಸಿ ಎಲ್ಲ ಕೊಟ್ಟರು. ಫೆಬ್ರವರಿ 13ರ ಬೆಳಗಿನ ಜಾವ, ಮೇಲಿನಿಂದ ಆಜ್ಞೆ ಬಂದಿದೆಯೆಂದು ಅದೇ ಸೈನಿಕರು ತಮಗೆ ಅನ್ನ ಕೊಟ್ಟವರನ್ನು ಕೊಂದರು. ಸುಮಾರು 38 ಮಂದಿ ಸತ್ತರೆಂದು ಹೇಳುತ್ತಾರೆ. ಮಕ್ಕಳನ್ನು ಎತ್ತಿಕೊಂಡು ಹಿಮದ ಬೆಟ್ಟಕ್ಕೆ ಓಡಿದ ಅನೇಕ ತಾಯಂದಿರು ಚಳಿಯಲ್ಲಿ ಪ್ರಾಣ ಬಿಟ್ಟರು. ಸ್ಕಾಟ್ಲೆಂಡಿನ ಕಾನೂನಿನಲ್ಲಿ, ನಂಬಿದವರನ್ನು ಕೊಲ್ಲುವುದು ಸಾಮಾನ್ಯ ಕೊಲೆಗಿಂತ ಹೀನವಾದ ಅಪರಾಧವೆಂದು ಎಣಿಸಲಾಗುತ್ತಿತ್ತು. ಮೂರು ಶತಮಾನ ದಾಟಿದರೂ ಜನ ಅದನ್ನು ಮರೆತಿಲ್ಲ. ಅತಿಥಿ ಸತ್ಕಾರವನ್ನು ಈಮಾನಿನ ಭಾಗವೆಂದು ಕಲಿತ ನಮಗೂ ಅಲ್ಲಿಂದ ಸುಮ್ಮನೆ ಎದ್ದು ಬರಲಾಗಲಿಲ್ಲ.

ನಮಾಝ್ ಮತ್ತು ಊಟ

ಓದುಗ ಸಹೋದರಿಯರು ಖಂಡಿತ ಕೇಳುವ ಪ್ರಶ್ನೆಗಳಿಗೆ ಇಲ್ಲೇ ಉತ್ತರಿಸಿಬಿಡುತ್ತೇನೆ. ಮೇ ನಡುವಿನಲ್ಲಿ ಅಲ್ಲಿ ಸೂರ್ಯ ಮುಳುಗುವುದು ರಾತ್ರಿ ಒಂಬತ್ತು ಗಂಟೆ ಕಳೆದ ಮೇಲೆ. ಬೆಳಗ್ಗೆ ಐದು ಗಂಟೆಗೆಲ್ಲ ಬಿಸಿಲು. ಇಶಾ ಮತ್ತು ಫಜ್ರ್ ನಡುವೆ ನಿದ್ದೆಗೆ ಸಿಗುವುದು ಕೆಲವೇ ಗಂಟೆ. ಗ್ಲಾಸ್ಗೋದ ಮಸೀದಿಯಿಂದ ತಂದ ವೇಳಾಪಟ್ಟಿಯನ್ನು ಕಾರಿನಲ್ಲಿಟ್ಟುಕೊಂಡಿದ್ದೆವು. ನಮ್ಮೂರಿನಲ್ಲಿ ಪಶ್ಚಿಮಕ್ಕೆ ತಿರುಗಿ ನಿಲ್ಲುವ ನಾವು ಅಲ್ಲಿ ಆಗ್ನೇಯಕ್ಕೆ ತಿರುಗಬೇಕು. ಸರೋವರದ ನೀರಿನಲ್ಲಿ ವುಝೂ ಮಾಡುವಾಗ ಬೆರಳುಗಳು ಮರಗಟ್ಟುತ್ತಿದ್ದವು. ಹುಲ್ಲಿನ ಮೇಲೆ ಚಾಪೆ ಹಾಸಿ ಕಸ್ರ್ ನಮಾಝ್ ಮಾಡುತ್ತಿದ್ದಾಗ ಯಾರೂ ನಮ್ಮನ್ನು ಕೆಣಕಲಿಲ್ಲ.

ಊಟಕ್ಕೆ ಮೀನು, ತರಕಾರಿ ಸೂಪು, ಓಟ್ಸ್ ಗಂಜಿ, ಬೇಯಿಸಿದ ಆಲೂಗಡ್ಡೆ ಎಲ್ಲೆಡೆ ಸಿಗುತ್ತದೆ. ಕರಿದ ಮೀನು ಕೊಳ್ಳುವಾಗ ಮಾತ್ರ ಯಾವ ಕೊಬ್ಬಿನಲ್ಲಿ ಕರಿದದ್ದು, ಹಿಟ್ಟಿಗೆ ಬಿಯರ್ ಬೆರೆಸಿದ್ದಾರೆಯೇ ಎಂದು ಕೇಳಲೇಬೇಕು. ಕೇಳಿದರೆ ಬೇಸರಿಸದೆ ಹೇಳುತ್ತಾರೆ. ಅವರ ರಾಷ್ಟ್ರೀಯ ಖಾದ್ಯ ಹ್ಯಾಗಿಸ್. ಕುರಿಯ ಯಕೃತ್ತು, ಹೃದಯ, ಶ್ವಾಸಕೋಶವನ್ನು ಕೊಚ್ಚಿ, ಓಟ್ಸ್ ಬೆರೆಸಿ ಬೇಯಿಸುವುದು. ಹಲಾಲ್ ಮಾಂಸದಿಂದ ಮಾಡಿದ್ದನ್ನು ತಂಗಿ ಗ್ಲಾಸ್ಗೋದಿಂದಲೇ ತಂದಿದ್ದಳು. ಬೋಟಿ, ಕಲೇಜಿ ತಿಂದು ಬೆಳೆದ ನಮಗೆ ಅದು ಹೊಸದೆನಿಸಲಿಲ್ಲ. ಖಾರ ಮಾತ್ರ ಸಾಲದು!

ಮುರಿದ ಕೋಟೆ, ಬೆಟ್ಟದ ಸಮಾಧಿ

ಗ್ಲೆಂಕೊದಿಂದ ಇನ್ನೂ ಉತ್ತರಕ್ಕೆ ಹೋದಂತೆ ರಸ್ತೆಗಳು ಕಿರಿದಾಗುತ್ತವೆ. ಅನೇಕ ಕಡೆ ಒಂದೇ ವಾಹನದಷ್ಟು ಅಗಲ. ಅಲ್ಲಲ್ಲಿ ಬದಿಗೆ ಸರಿದು ನಿಲ್ಲಲು ಜಾಗ ಮಾಡಿದ್ದಾರೆ. ಎದುರಿನವರು ಕಂಡರೆ ಒಬ್ಬರು ನಿಂತು ದಾರಿ ಬಿಡುತ್ತಾರೆ, ಇನ್ನೊಬ್ಬರು ಕೈ ಎತ್ತಿ ಕೃತಜ್ಞತೆ ಹೇಳುತ್ತಾರೆ. ಹಾರ್ನ್ ಸದ್ದೇ ಇಲ್ಲ.

ಮೂರು ಸಮುದ್ರ ಸರೋವರಗಳು ಕೂಡುವಲ್ಲಿ ಒಂದು ಪುಟ್ಟ ದ್ವೀಪದ ಮೇಲೆ ಐಲಿನ್ ಡೋನನ್ ಕೋಟೆ ಇದೆ. ಕ್ಯಾಲೆಂಡರುಗಳಲ್ಲಿ ಇದರ ಚಿತ್ರ ನೀವೂ ನೋಡಿರಬಹುದು. ಹದಿಮೂರನೇ ಶತಮಾನದಲ್ಲಿ ಕಟ್ಟಿದ ಇದನ್ನು 1719ರಲ್ಲಿ ಬ್ರಿಟಿಷ್ ಯುದ್ಧನೌಕೆಗಳು ಪುಡಿ ಮಾಡಿದವು. ಇನ್ನೂರು ವರ್ಷ ಕಲ್ಲಿನ ರಾಶಿಯಾಗಿ ಬಿದ್ದಿತ್ತು. ಇಪ್ಪತ್ತನೇ ಶತಮಾನದಲ್ಲಿ ಜಾನ್ ಮೆಕ್‌ರೇ ಗಿಲ್‌ಸ್ಟ್ರಾಪ್ ಎಂಬವರು ವರ್ಷಗಟ್ಟಲೆ ಶ್ರಮಿಸಿ ಮತ್ತೆ ಕಟ್ಟಿಸಿದರು. ಕೆಲಸ ಮುಗಿದದ್ದು 1932ರಲ್ಲಿ. ಶತ್ರುಗಳು ಬಾರದಿರಲೆಂದು ಕಟ್ಟಿದ ಕೋಟೆಗೆ ಇಂದು ಸೇತುವೆ ದಾಟಿ ಲೋಕದ ಜನರೆಲ್ಲ ಬರುತ್ತಾರೆ.

ಅಲ್ಲಿಂದ ಈಶಾನ್ಯಕ್ಕೆ ಗ್ಲೆನ್‌ಕಾರನ್ ಎಂಬ ನಿರ್ಜನ ಕಣಿವೆ. ಸಾಮಾನ್ಯವಾಗಿ ಪ್ರವಾಸಿಗರು ಇಲ್ಲಿ ಕಾರು ನಿಲ್ಲಿಸುವುದಿಲ್ಲ. ನಾವು ನಿಲ್ಲಿಸಿದೆವು. ಇಲ್ಲಿನ ಬೆಟ್ಟದ ಮೇಲೆ ಲೇಡಿ ಎವೆಲಿನ್ ಕೊಬೋಲ್ಡ್ ಅವರ ಸಮಾಧಿ ಇದೆ.

1867ರಲ್ಲಿ ಎಡಿನ್‌ಬರೊದಲ್ಲಿ ಹುಟ್ಟಿದ ಎವೆಲಿನ್ ಡನ್‌ಮೋರ್ ಎಂಬ ದೊಡ್ಡ ಜಮೀನ್ದಾರ ಮನೆತನದ ಮಗಳು. ಬಾಲ್ಯದಲ್ಲಿ ಚಳಿಗಾಲವನ್ನು ಕುಟುಂಬದೊಂದಿಗೆ ಅಲ್ಜೀರಿಯಾ ಮತ್ತು ಈಜಿಪ್ಟಿನಲ್ಲಿ ಕಳೆಯುತ್ತಿದ್ದರು. ಅಲ್ಲಿ ಅರಬಿ ಕಲಿತರು, ಗೆಳೆಯರೊಂದಿಗೆ ಮಸೀದಿಗಳಿಗೆ ಹೋಗುತ್ತಿದ್ದರು. ಇಸ್ಲಾಮನ್ನು ಒಪ್ಪಿ ಝೈನಬ್ ಎಂಬ ಹೆಸರನ್ನೂ ಇಟ್ಟುಕೊಂಡರು. 1933ರಲ್ಲಿ, 65ನೇ ವಯಸ್ಸಿನಲ್ಲಿ, ಹಜ್ಜ್ ಮಾಡಿದರು. ಬ್ರಿಟನ್ನಿನಲ್ಲಿ ಹುಟ್ಟಿ ಇಸ್ಲಾಮ್ ಸ್ವೀಕರಿಸಿದ ಮಹಿಳೆಯರಲ್ಲಿ ಹಜ್ಜ್ ನಿರ್ವಹಿಸಿದ್ದು ದಾಖಲಾಗಿರುವ ಮೊದಲಿಗರು ಅವರೇ. ಮರುವರ್ಷ ಆ ಯಾತ್ರೆಯ ಪುಸ್ತಕ ಪ್ರಕಟಿಸಿದರು. ಬೇಟೆ ಮತ್ತು ಮೀನು ಹಿಡಿಯುವುದರಲ್ಲೂ ಅವರು ಹೆಸರುವಾಸಿ.

1963ರ ಜನವರಿಯಲ್ಲಿ ಅವರು ಇನ್ವರ್ನೆಸ್‌ನಲ್ಲಿ ತೀರಿಕೊಂಡಾಗ ಎಲ್ಲೆಡೆ ಹಿಮ ಬಿದ್ದಿತ್ತು. ದೂರದ ಇಂಗ್ಲೆಂಡಿನ ವೋಕಿಂಗ್ ಮಸೀದಿಯ ಇಮಾಮರು ಬಂದು ಜನಾಝಾ ನಡೆಸಿದರು. ಸ್ಕಾಟ್ಲೆಂಡಿನ ಪದ್ಧತಿಯಂತೆ ಬ್ಯಾಗ್‌ಪೈಪ್ ವಾದ್ಯವೂ ಮೊಳಗಿತು. ಅವರ ಇಚ್ಛೆಯಂತೆ ತಮ್ಮದೇ ಎಸ್ಟೇಟಿನ ಬೆಟ್ಟದ ಮೇಲೆ ಕಿಬ್ಲಾದ ಕಡೆಗೆ ಅವರನ್ನು ಮಲಗಿಸಿ, ಕಲ್ಲಿನ ಮೇಲೆ ಸೂರಃ ಅನ್ನೂರ್‌ನ ಪ್ರಕಾಶದ ಆಯತನ್ನು ಕೆತ್ತಲಾಯಿತು. ಅರಮನೆಯಲ್ಲಿ ಹುಟ್ಟಿದವರು ಕೊನೆಗೆ ಕೇಳಿದ್ದು ಇಷ್ಟೇ ನೆಲ. ಗಾಳಿ ಮತ್ತು ಕುರಿಗಳ ಕೂಗಿನ ನಡುವೆ ನಾವು ಕೆಳಗಿನ ದಾರಿಯಲ್ಲೇ ನಿಂತು ದುಆ ಮಾಡಿದೆವು.

ಇಲ್ಲಿ ಒಂದು ಕಾನೂನಿನ ಮಾತು ಹೇಳಬೇಕು. 2003ರ ಭೂ ಸುಧಾರಣಾ ಕಾಯ್ದೆಯ ಪ್ರಕಾರ ಸ್ಕಾಟ್ಲೆಂಡಿನಲ್ಲಿ ಯಾರ ಒಡೆತನದ ಬೆಟ್ಟವಾಗಲಿ, ಸರೋವರವಾಗಲಿ, ಮನೆಯಂಗಳ ಮತ್ತು ಬೆಳೆ ನಿಂತ ಹೊಲದಂಥ ಜಾಗಗಳನ್ನು ಬಿಟ್ಟರೆ, ಹಾನಿ ಮಾಡದೆ ನಡೆದುಹೋಗುವ ಹಕ್ಕು ಎಲ್ಲರಿಗೂ ಇದೆ. ಬೇಲಿ ಇದ್ದಲ್ಲಿ ಗೇಟು ತೆಗೆದು, ದಾಟಿ, ಮತ್ತೆ ಮುಚ್ಚಿ ಹೋಗಬೇಕು ಅಷ್ಟೇ.

ಬರಡು ನೆಲದಲ್ಲಿ ಎದ್ದ ತೋಟ

ಐದನೇ ದಿನ ಲಾಖ್ ಮರೀ ಸರೋವರದ ದಂಡೆಯಲ್ಲೇ ಸಾಗಿ ಪಶ್ಚಿಮ ಕಡಲ ತೀರದ ಇನ್ವರ್ಯೂ ತೋಟಕ್ಕೆ ಬಂದೆವು. ಈ ಜಾಗ ಮಾಸ್ಕೋ ನಗರಕ್ಕಿಂತಲೂ ಉತ್ತರದಲ್ಲಿದೆ. ಆದರೂ ಇಲ್ಲಿ ನ್ಯೂಜಿಲೆಂಡಿನ ಮರಜರಿ, ಆಸ್ಟ್ರೇಲಿಯಾದ ನೀಲಗಿರಿ, ಹಿಮಾಲಯದ ರೋಡೋಡೆಂಡ್ರನ್ ಎಲ್ಲ ಬೆಳೆದಿವೆ. ಅಟ್ಲಾಂಟಿಕ್ ಸಾಗರದ ಬೆಚ್ಚನೆಯ ಪ್ರವಾಹ ಈ ತೀರಕ್ಕೆ ತಾಗುವುದೇ ಕಾರಣ.

1862ರಲ್ಲಿ ಒಸ್ಗುಡ್ ಮೆಕೆಂಜಿ ಎಂಬ ಯುವಕನಿಗೆ ಅವನ ತಾಯಿ ಈ ಎಸ್ಟೇಟನ್ನು ಕೊಡಿಸಿದಾಗ ಇಲ್ಲಿದ್ದದ್ದು ಬರೀ ಬಂಡೆ, ಕುರುಚಲು ಮತ್ತು ಉಪ್ಪು ಗಾಳಿ. ಬುಟ್ಟಿಗಳಲ್ಲಿ ಮಣ್ಣು ಹೊತ್ತು ತಂದು ಸುರಿಯಬೇಕಾಯಿತು. ಮೊದಲು ಗಾಳಿಗೆ ತಡೆಯಾಗಿ ಪೈನ್ ಮರಗಳ ಸಾಲು ನೆಟ್ಟರು. ಅವು ಬೆಳೆದು ಆಸರೆ ಕೊಡಲು ವರ್ಷಗಳೇ ಹಿಡಿದವು. ಅಲ್ಲಿಯವರೆಗೆ ಹೂವಿನ ಮಾತೇ ಇಲ್ಲ! 1922ರಲ್ಲಿ ಅವರು ತೀರಿಕೊಂಡ ಮೇಲೆ ಮಗಳು ಮೈರಿ ಸಾಯರ್ ಮೂವತ್ತು ವರ್ಷ ತೋಟವನ್ನು ನೋಡಿಕೊಂಡರು. 1952ರಲ್ಲಿ ಅದನ್ನು ಸ್ಕಾಟ್ಲೆಂಡಿನ ನ್ಯಾಷನಲ್ ಟ್ರಸ್ಟಿಗೆ ಒಪ್ಪಿಸಿಬಿಟ್ಟರು. ಮರುವರ್ಷ ಅವರೂ ಹೋದರು. ನಮ್ಮಲ್ಲಿ ವಕ್ಫ್ ಎನ್ನುತ್ತೇವಲ್ಲ, ಆ ಕೆಲಸವೇ ನೆನಪಾಯಿತು. ನಾವು ಹೋದಾಗ ರೋಡೋಡೆಂಡ್ರನ್ ಮರಗಳು ಕೆಂಪು, ಗುಲಾಬಿ, ಬಿಳಿ ಹೂಗಳಿಂದ ತುಂಬಿದ್ದವು. ಬೆಂಚಿನ ಮೇಲೆ ಕುಳಿತ ನಮ್ಮ ಮನೆಯವರು, "ನೆಟ್ಟವರು ನೆರಳು ನೋಡಲಿಲ್ಲ, ನಾವು ನೋಡುತ್ತಿದ್ದೇವೆ" ಎಂದರು.

189 ಕೋಣೆಗಳ ಮೌನ

ಅಲ್ಲಿಂದ ನಾಡನ್ನು ಅಡ್ಡಲಾಗಿ ದಾಟಿ ಪೂರ್ವ ತೀರದ ಡನ್‌ರಾಬಿನ್ ಕೋಟೆಗೆ ಹೋದೆವು. ಸದರ್ಲೆಂಡ್ ಮನೆತನದ ಈ ಅರಮನೆಯಲ್ಲಿ 189 ಕೋಣೆಗಳಿವೆ. ಕೆಳಗೆ ಸಮುದ್ರದ ಅಂಚಿನವರೆಗೂ 1850ರಲ್ಲಿ ರೂಪಿಸಿದ, ಕೈಯಿಂದ ಬರೆದ ರಂಗೋಲಿಯಂತಹ ತೋಟ. ಮಕ್ಕಳ ಕತೆಯ ರಾಜಮಹಲಿನ ಹಾಗೆಯೇ ಇದೆ.

ಆದರೆ ಬರುವ ದಾರಿಯಲ್ಲಿ ಖಾಲಿ ಕಣಿವೆಗಳನ್ನು ಕಂಡಿದ್ದೆವು. ಅಲ್ಲಲ್ಲಿ ಮೊಣಕಾಲೆತ್ತರದ ಕಲ್ಲುಗೋಡೆಗಳು. ಅವು ಒಂದು ಕಾಲದಲ್ಲಿ ಮನೆಗಳಾಗಿದ್ದವು. ಹತ್ತೊಂಬತ್ತನೇ ಶತಮಾನದ ಮೊದಲ ಎರಡು ದಶಕಗಳಲ್ಲಿ ಈ ಅರಮನೆಯ ಒಡತಿ ಸದರ್ಲೆಂಡಿನ ಕೌಂಟೆಸ್ ಮತ್ತು ಅವರ ಪತಿಯ ಜಮೀನಿನಿಂದ ಸಾವಿರಾರು ಒಕ್ಕಲು ಜನರನ್ನು ಎಬ್ಬಿಸಲಾಯಿತು. ಮನುಷ್ಯರಿಗಿಂತ ಉಣ್ಣೆ ಕುರಿಗಳಿಂದ ಲಾಭ ಹೆಚ್ಚೆಂಬುದೇ ಕಾರಣ. 1814ರಲ್ಲಿ ಸ್ಟ್ರಾತ್‌ನೇವರ್ ಕಣಿವೆಯಲ್ಲಿ ಜನ ಮರಳಿ ಬಾರದಂತೆ ಮನೆಯ ಮಾಡುಗಳನ್ನು ಸುಡಲಾಯಿತು. ಹಾಸಿಗೆ ಹಿಡಿದಿದ್ದ ಮುದುಕಿಯೊಬ್ಬಳ ಮನೆಗೆ ಬೆಂಕಿ ಹಚ್ಚಿಸಿದ ಆರೋಪ ಪ್ಯಾಟ್ರಿಕ್ ಸೆಲ್ಲರ್ ಎಂಬ ಅಧಿಕಾರಿಯ ಮೇಲೆ ಬಂತು. 1816ರಲ್ಲಿ ನ್ಯಾಯಾಲಯ ಅವನನ್ನು ಬಿಡುಗಡೆ ಮಾಡಿತು. ಎಬ್ಬಿಸಲ್ಪಟ್ಟವರಲ್ಲಿ ಅನೇಕರು ಕಡಲ ದಂಡೆಗೆ, ಕೆನಡಾಕ್ಕೆ ಹೋದರು. ನಾವು 'ಎಷ್ಟು ಪ್ರಶಾಂತ' ಎಂದು ಫೋಟೋ ತೆಗೆಯುವ ಕಣಿವೆಗಳ ಮೌನದಲ್ಲಿ ಈ ಕತೆಯೂ ಇದೆ.

ಜನ ಎಂದೆಂದಿಗೂ ಸುಮ್ಮನಿರಲಿಲ್ಲ. 1882ರಲ್ಲಿ ಸ್ಕೈ ದ್ವೀಪದ ಬ್ರೇಸ್ ಎಂಬಲ್ಲಿ ರೈತರನ್ನು ಬಂಧಿಸಲು ಗ್ಲಾಸ್ಗೋದಿಂದ ಬಂದ ಪೊಲೀಸರನ್ನು ಹೆಂಗಸರೇ ಮುಂದೆ ನಿಂತು ಕಲ್ಲು ಹಿಡಿದು ಎದುರಿಸಿದರು. ನಾಲ್ಕು ವರ್ಷಗಳ ನಂತರ, 1886ರಲ್ಲಿ, ಸಣ್ಣ ರೈತರನ್ನು ಮನಸ್ಸು ಬಂದಂತೆ ಎಬ್ಬಿಸುವುದನ್ನು ತಡೆಯುವ ಕಾನೂನು ಬಂತು.

ಹಿಂದಿರುಗುವಾಗ ಲಾಖ್ ನೆಸ್ ನೋಡದೆ ಬರಲಾಗದು. ಇಂಗ್ಲೆಂಡ್ ಮತ್ತು ವೇಲ್ಸ್‌ನ ಎಲ್ಲ ಸರೋವರಗಳ ನೀರು ಸೇರಿಸಿದರೂ ಇದರ ನೀರಿಗೆ ಸಮವಾಗದು. ಇದರಲ್ಲಿ ದೈತ್ಯ ಪ್ರಾಣಿ ಇದೆಯೆಂಬ ಸುದ್ದಿ 1933ರಿಂದ ಲೋಕಪ್ರಸಿದ್ಧ. ವಿಜ್ಞಾನಿಗಳು ಸರೋವರದ ನೀರಿನಲ್ಲಿ ಸಿಕ್ಕ ಜೀವಕಣಗಳನ್ನು ಪರೀಕ್ಷಿಸಿ 2019ರಲ್ಲಿ ಹೇಳಿದ್ದು: ದೈತ್ಯ ಸರೀಸೃಪದ ಕುರುಹಿಲ್ಲ, ಹಾವುಮೀನಿನ ಕುರುಹು ಮಾತ್ರ ಬೇಕಾದಷ್ಟಿದೆ. ತಂಗಿಯ ಮಗಳಿಗೆ ಇದು ಸ್ವಲ್ಪವೂ ಹಿಡಿಸಲಿಲ್ಲ! ದಂಡೆಯ ಅರ್ಕರ್ಟ್ ಕೋಟೆ ಮುರಿದು ನಿಂತಿದೆ. 1692ರಲ್ಲಿ ಬಿಟ್ಟು ಹೋಗುವಾಗ, ಶತ್ರುವಿಗೆ ದಕ್ಕದಿರಲೆಂದು ಕಾವಲಿದ್ದ ಸೈನಿಕರೇ ಮದ್ದಿಟ್ಟು ಒಡೆದರು.

ಎಡಿನ್‌ಬರೊದಲ್ಲಿ ಶ್ರೀರಂಗಪಟ್ಟಣ ಮತ್ತು ಶಿವಮೊಗ್ಗ

ಕೊನೆಯ ಎರಡು ದಿನ ರಾಜಧಾನಿ ಎಡಿನ್‌ಬರೊದಲ್ಲಿ. ಬಂಡೆಯ ಮೇಲಿನ ದೊಡ್ಡ ಕೋಟೆಯನ್ನು ನೋಡುವಾಗ ಶ್ರೀರಂಗಪಟ್ಟಣದ ನೆನಪಾಗದಿರಲಿಲ್ಲ. 1799ರ ಮೇ 4ರಂದು ಅಲ್ಲಿನ ಕೋಟೆಗೆ ನುಗ್ಗಿದ ಪಡೆಯ ಮುಂದಾಳು ಡೇವಿಡ್ ಬೇರ್ಡ್ ಸ್ಕಾಟ್ಲೆಂಡಿನವನು. ಹಿಂದೆ ಸುಮಾರು ನಾಲ್ಕು ವರ್ಷ ಅದೇ ಪಟ್ಟಣದಲ್ಲಿ ಸೆರೆಯಾಳಾಗಿದ್ದವನು. ಟಿಪ್ಪು ಸುಲ್ತಾನರ ಶರೀರವನ್ನು ಅವನು ಕಂಡುಹಿಡಿಯುವ ದೃಶ್ಯದ ದೊಡ್ಡ ಚಿತ್ರವನ್ನು ಅವನ ವಿಧವೆ ಡೇವಿಡ್ ವಿಲ್ಕಿ ಎಂಬ ಕಲಾವಿದನಿಂದ ಬರೆಸಿದಳು. 1839ರಲ್ಲಿ ಮುಗಿದ ಆ ಚಿತ್ರ ಈಗ ಸ್ಕಾಟ್ಲೆಂಡಿನ ರಾಷ್ಟ್ರೀಯ ಕಲಾ ಸಂಗ್ರಹದಲ್ಲಿದೆ. ಒಬ್ಬರ ವಿಜಯದ ಚಿತ್ರ ಇನ್ನೊಬ್ಬರ ಮನೆಯ ಸಾವು.

ಅದೇ ನಗರದಲ್ಲಿ ನಮ್ಮ ನಾಡಿನ ಇನ್ನೊಂದು ನೆನಪೂ ಇದೆ, ಅದು ಸಿಹಿಯಾದದ್ದು. 1670ರಲ್ಲಿ ಆರಂಭವಾದ ರಾಯಲ್ ಬಟಾನಿಕ್ ಗಾರ್ಡನ್ ಎಂಬ ಸಸ್ಯೋದ್ಯಾನಕ್ಕೆ ಪ್ರವೇಶ ಶುಲ್ಕವಿಲ್ಲ. ಅಲ್ಲಿನ ಸಂಗ್ರಹದಲ್ಲಿ ಶಿವಮೊಗ್ಗದ ಗಿಡಗಳ ಚಿತ್ರಗಳಿವೆ! 1845ರಿಂದ 1847ರವರೆಗೆ ಶಿವಮೊಗ್ಗದಲ್ಲಿ ವೈದ್ಯರಾಗಿದ್ದ ಹ್ಯೂ ಕ್ಲೆಗಾರ್ನ್ ದಿನಕ್ಕೊಂದು ಗಿಡವನ್ನು ಆರಿಸಿ ಸ್ಥಳೀಯ ಕಲಾವಿದರಿಂದ ಚಿತ್ರ ಬರೆಸಿದ್ದರು. ನಮ್ಮ ಮಲೆನಾಡಿನ ಎಲೆ, ಹೂವು, ಕಾಯಿಗಳು, ನಮ್ಮವರ ಕೈಯ ರೇಖೆಗಳು, ಆ ಚಳಿಯ ಊರಿನಲ್ಲಿ ಜೋಪಾನವಾಗಿವೆ. ಉದ್ಯಾನದ ಹುಲ್ಲಿನ ಮೇಲೆ ತಾಯಂದಿರು ಕೈಗಾಡಿಯ ಮಗುವನ್ನು ಮಲಗಿಸಿ ಬುತ್ತಿ ಬಿಚ್ಚುತ್ತಿದ್ದರು. ಸ್ಕಾರ್ಫ್ ಧರಿಸಿದ ಹೆಣ್ಣುಮಕ್ಕಳೂ ಅವರಲ್ಲಿದ್ದರು. ಯಾರನ್ನೂ ಯಾರೂ ತಡೆಯುವಂತಿರಲಿಲ್ಲ.

ನನ್ನ ಪ್ರಶ್ನೆಗೆ ಒಂಬತ್ತು ದಿನಗಳಲ್ಲಿ ಸಿಕ್ಕ ಉತ್ತರ ಸರಳವಾದದ್ದು. ಜನರನ್ನು ಹೊರಗಿಡಲು ಕಟ್ಟಿದ ಕೋಟೆಗಳಲ್ಲಿ ಎಷ್ಟೋ ಬಿದ್ದುಹೋದವು, ನಿಂತಿರುವವೂ ಇಂದು ಟಿಕೆಟು ಮಾರಿ ಬದುಕುತ್ತಿವೆ. ಎಲ್ಲರಿಗಾಗಿ ತಂದ ನೀರು, ಎಲ್ಲರಿಗಾಗಿ ಬಿಟ್ಟುಕೊಟ್ಟ ತೋಟ, ಎಲ್ಲರಿಗಾಗಿ ತೆರೆದ ದಾರಿ ಇನ್ನೂ ಕೆಲಸ ಮಾಡುತ್ತಲೇ ಇವೆ. ಸದಕಾ ಜಾರಿಯಾ ಎಂದು ಮಕ್ಕಳಿಗೆ ಪಾಠ ಹೇಳುವಾಗ ಇನ್ನು ಮುಂದೆ ನನಗೆ ಉದಾಹರಣೆಗೆ ಕೊರತೆಯಿಲ್ಲ.

ಎಲ್ಲರಿಗೂ ಅಷ್ಟು ದೂರ ಹೋಗುವ ಅವಕಾಶವಿರದು, ಹೋಗಲೇಬೇಕೆಂದೂ ಇಲ್ಲ. ಆದರೆ ಹೋಗುವವರಿದ್ದರೆ ಮೇ ತಿಂಗಳನ್ನು ಆರಿಸಿಕೊಳ್ಳಿ, ಹೂಗಳು ಸಿಗುತ್ತವೆ. ಮಳೆ ಕೋಟು, ಗಟ್ಟಿ ಚಪ್ಪಲಿಯ ಬದಲು ಬೂಟು, ಒಂದು ತೆಳುವಾದ ಮುಸಲ್ಲಾ ಮತ್ತು ಸ್ವಲ್ಪ ಉಪ್ಪಿನಕಾಯಿ ಜೊತೆಗಿರಲಿ. ದಿನಕ್ಕೆ ಎರಡೇ ಜಾಗ ನೋಡಿ. ಗೇಟು ದಾಟಿದ ಮೇಲೆ ಮುಚ್ಚಲು ಮರೆಯಬೇಡಿ, ಆಚೆ ಕುರಿಗಳಿರುತ್ತವೆ.